ಏರಿನ ಮಧ್ಯದ ಬೆಂಚು

ನನಗೆ ಕೋಪ ಮೂಗಿನ ತುದಿಯಲ್ಲೇ. ಇದು ಬೀದಿಗೆಲ್ಲ ಗೊತ್ತು. ನಮ್ಮ ಮನೆಯವರಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ನಮ್ಮದು ಹೊಲಿಗೆ ಅಂಗಡಿ, ಬೀದಿಯ ಏರು ಮುಗಿಯೋ ಕಡೆ. ಮನೆ ಏರಿನ ಬುಡದಲ್ಲಿ. ನಡುವೆ ಒಂದು ಮರ, ಅದರ ಕೆಳಗೆ ಕಲ್ಲು ಬೆಂಚು. ಆ ಬೆಂಚಿನ ಮೇಲೆ ಬೆಳಗಿಂದ ಸಂಜೆ ತನಕ ಕೆಲಸವಿಲ್ಲದ ನಾಲ್ಕು ಜನ. ಅವರಲ್ಲಿ ಒಬ್ಬ ಐವತ್ತು ದಾಟಿದ್ರೂ ಕೂದಲಿಗೆ ಕಪ್ಪು ಬಳಿದುಕೊಂಡು ಓಡಾಡ್ತಿದ್ದ. ಅವನಿಗೆ ನಾನೇ ಹೀರೋ ಅಂತ ಹೆಸರಿಟ್ಟಿದ್ದೆ. ಬಟ್ಟೆ ಹಿಡಕೊಂಡು ಬರೋ ಹೆಂಗಸರನ್ನ ಅಡಿಯಿಂದ ಮುಡಿವರೆಗೆ ನೋಡೋದೇ ಇವರ ಕಸುಬು. ನನ್ನ ಗಿರಾಕಿಗಳು ಆ ಕಡೆ ರಸ್ತೆ ಸುತ್ತಿ ಬರೋಕೆ ಶುರು ಮಾಡಿದ್ರು. ನನಗೆ ಮೈಯೆಲ್ಲ ಉರೀತಿತ್ತು.

ನಮ್ಮ ಯಜಮಾನರೂ ದರ್ಜಿಯೇ. ಸ್ಟ್ರೋಕ್ ಆದ ಮೇಲೆ ಬಲಗೈ ಸ್ವಾಧೀನ ತಪ್ಪಿತು, ಬಲಗಾಲು ಎಳೆಯೋದು. ಹಳೇ ಹೊಲಿಗೆ ಬಿಚ್ಚೋ ಕೆಲಸವನ್ನ ಎಡಗೈಯಲ್ಲೇ ಕಲಿತರು. "ನಡಿಗೆ ನಿಂತರೆ ಎಲ್ಲಾ ನಿಲ್ಲುತ್ತೆ ನೋಡಮ್ಮ" ಅಂತ ಡಾಕ್ಟರು ನನ್ನನ್ನ ಬೇರೆಯಾಗಿ ಕರೆದು ಹೇಳಿದ್ದರು. ದಿನಾ ನಾಲ್ಕು ಗಂಟೆಗೆ ಏರು ಹತ್ತಿ ಬರೋರು.

"ದಾರೀಲಿ ಎಲ್ಲಾದ್ರೂ ಕೂತ್ರಾ?" ಅಂತ ಕೇಳ್ತಿದ್ದೆ.

"ಎಲ್ಲೂ ಇಲ್ಲ ಕಣೇ, ಒಂದೇ ಉಸಿರಿಗೆ ಬಂದೆ."

ಕೂತೆ ಅಂದಿದ್ರೆ ನಾನು ಬಿಡ್ತಿದ್ನಾ? "ಆಗಲೇ ಮುದುಕರಾಗಿಬಿಟ್ರಾ?" ಅಂತಿದ್ದೆ. ಒಂದೇ ಉಸಿರಿನ ಕಥೆಯನ್ನ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ಮೆರೆದೆ.

ಆ ವರ್ಷ ನಗರಸಭೆಯವರು ಬೀದಿಯನ್ನ ಹೊಸದಾಗಿ ಮಾಡ್ತೀವಿ ಅಂದ್ರು. ಒಬ್ಬ ಇಂಜಿನಿಯರಮ್ಮ ಬಂದಳು, ನನ್ನ ಮಗಳ ವಯಸ್ಸು. ಶಾಲೆಯ ಹಾಲಲ್ಲಿ ನಮ್ಮ ಬೀದಿಯ ದೊಡ್ಡ ನಕ್ಷೆ ಹಾಸಿ, "ಬೀದಿ ನಿಮ್ಮದು, ನೀವೇ ಹೇಳಿ" ಅಂದಳು. ಇರಲಿ ಅನ್ನೋದರ ಮೇಲೆ ಹಸಿರು ಚೀಟಿ, ಬೇಡ ಅನ್ನೋದರ ಮೇಲೆ ಕೆಂಪು. ಕಾರಣ ಇದ್ದರೆ ಚೀಟಿ ಮೇಲೆ ಬರೀಬಹುದು.

ನಾನು ಬಿಡ್ತೀನಾ? "ಬಟ್ಟೆ ಹೇಳಿದ ದಿನ ಬೇಕು ಅಂದ್ರೆ ಬಂದು ಬೆಂಚಿನ ಮೇಲೆ ಕೆಂಪು ಅಂಟಿಸಿ" ಅಂತ ಗಿರಾಕಿಗಳನ್ನೆಲ್ಲ ಎಳಕೊಂಡು ಹೋದೆ. ಇವರೂ ಬಂದರು. ನಾನು ಬಾಗಿಲಲ್ಲಿ ನಿಂತು ಜನ ಸೇರಿಸ್ತಿದ್ದಾಗ ಇವರು ಒಬ್ಬರೇ ಒಳಗೆ ಹೋಗಿ ಬಂದರು. ಕೊನೆಗೆ ನಾನು ಹೋದೆ. ಕನ್ನಡಕ ಅಂಗಡಿಯಲ್ಲೇ ಮರೆತಿದ್ದೆ. ಬೆಂಚು ಎಲ್ಲಿ ಅಂತ ಯಾರೋ ಬೆರಳಿಟ್ಟು ತೋರಿಸಿದರು, ಅಲ್ಲೇ ಒತ್ತಿ ಅಂಟಿಸಿದೆ.

ವಾಪಸ್ ಬರ್ತಾ ಇವರು ಕೇಳಿದರು, "ಬೆಂಚು ತೆಗೆದೇಬಿಡ್ತಾರೇನೇ?"

"ತೆಗೀದೆ ಏನು? ಪೂಜೆ ಮಾಡ್ತಾರಾ?"

"ಹೂಂ" ಅಂದರು. ಅಷ್ಟೇ.

ಎರಡು ತಿಂಗಳಲ್ಲಿ ಬೆಂಚು ಹೋಯ್ತು. ಆ ಜಾಗದಲ್ಲಿ ಕಂಬಿ ಹಾಕಿ ಹೂಕುಂಡ ಇಟ್ಟರು. ಬೀದಿ ಚೆನ್ನಾಗೇ ಕಾಣ್ತಿತ್ತು. ಇವರು ಮೂರು ದಿನ ಬಂದರು, ಅಂಗಿ ಬೆವರಲ್ಲಿ ತೊಯ್ದು ಹೋಗಿರೋದು. ನಾಲ್ಕನೇ ದಿನ, "ಬಟ್ಟೆ ಮನೆಗೇ ತಂದುಬಿಡು, ಇಲ್ಲೇ ಬಿಚ್ಚಿ ಕೊಡ್ತೀನಿ" ಅಂದರು. ಸೋಮಾರಿತನ ಅಂತ ಬೈದೆ. ಬಾಯಿಗೆ ಬಂದ ಹಾಗೆ ಬೈದೆ. ಮೊದಲು ಕುರ್ಚಿ, ಆಮೇಲೆ ಮಂಚ. ವರ್ಷ ತುಂಬೋದರೊಳಗೆ ಹೋಗಿಬಿಟ್ಟರು.

ಮಾತಾಡಿಸೋಕೆ ಬಂದವರಲ್ಲಿ ಹೀರೋನೂ ಇದ್ದ. ಇವನಿಗೇನು ಕೆಲಸ ಇಲ್ಲಿ ಅಂದುಕೊಂಡೆ. ಬಾಗಿಲಲ್ಲೇ ನಿಂತು, "ಅಕ್ಕಾ, ಅಣ್ಣ ದಿನಾ ನಮ್ಮ ಜೊತೆ ಕಾಲು ಗಂಟೆ ಕೂತು ಸುಧಾರಿಸಿಕೊಳ್ಳೋರು. ಅವರು ಬಂದ್ರೆ ನಾವು ಎದ್ದು ಜಾಗ ಬಿಡ್ತಿದ್ವಿ. ಆಮೇಲೆ ನಿಮ್ಮ ಅಂಗಡಿ ತಿರುವಿನ ತನಕ ನಾನು ಕೈ ಹಿಡಕೊಂಡು ಬಿಡ್ತಿದ್ದೆ. ನಿಮಗೆ ಹೇಳಬೇಡ ಅಂತಿದ್ರು" ಅಂದ.



ಹದಿನೈದು ದಿನ ಬಿಟ್ಟು ನಗರಸಭೆಗೆ ಹೋದೆ. ಬೆಂಚು ವಾಪಸ್ ಹಾಕಿ ಅಂತ ಇಂಜಿನಿಯರಮ್ಮನಿಗೆ ಹೇಳಿದೆ. ಅವಳು ಪಾಪ ಗಾಬರಿಯಾದಳು. "ಅಮ್ಮಾ, ನಾವಾಗಿ ತೆಗೀಲಿಲ್ಲ, ನೀವೆಲ್ಲ ಹೇಳಿದ್ದನ್ನೇ ಮಾಡಿದ್ವಿ" ಅಂತ ಬೀರುವಿನಿಂದ ನಕ್ಷೆ ತೆಗೆದು ಮೇಜಿನ ಮೇಲೆ ಬಿಚ್ಚಿದಳು. "ಹತ್ತೊಂಬತ್ತು ಕೆಂಪು. ಇರಲಿ ಅಂದಿದ್ದು ಒಂದೇ ಒಂದು."

ಈ ಸಲ ಕನ್ನಡಕ ಇತ್ತು. ಹಸಿರು ಚೀಟಿಯ ಮೇಲೆ ಎಡಗೈಯ ಸೊಟ್ಟ ಅಕ್ಷರ. ಆ ಅಕ್ಷರ ನನಗೆ ಗೊತ್ತು. 'ಇಲ್ಲಿ ಕೂತರೆ ಅಂಗಡಿ ಬೋರ್ಡು ಕಾಣುತ್ತೆ' ಅಂತ ಇತ್ತು, ಅದರ ಕೆಳಗೆ ಇನ್ನೊಂದು ಸಾಲು. ಅದನ್ನ ಓದೋಕಾಗಲಿಲ್ಲ. ಅದರ ಮೇಲೆ ಒಂದು ಕೆಂಪು ಚೀಟಿ ಒತ್ತಿ ಅಂಟಿಸಿತ್ತು.

ಉಗುರಲ್ಲಿ ಕೀಳೋಕೆ ನೋಡಿದೆ. "ಹರಿದುಹೋಗುತ್ತೆ ಅಮ್ಮಾ" ಅಂತ ಆ ಹುಡುಗಿ ನನ್ನ ಕೈ ಹಿಡಿದಳು.