ಶಿವರುದ್ರಮ್ಮನ ಟಮಟೆ ಬೀಜ

ನಾನು ಇಪ್ಪತ್ತೆಂಟು ವರ್ಷ ಗ್ರಾಮಸೇವಕನಾಗಿದ್ದವನು. ಮೊದಲು ಗೌಡಗೆರೆ, ಆಮೇಲೆ ಬುಕ್ಕಾಪಟ್ಟಣ, ಕೊನೆಗೆ ಮಧುಗಿರಿ. ಯಾವ ಬೀಜ ಬಿತ್ತಬೇಕು, ಯಾವುದನ್ನು ಬಿತ್ತಬಾರದು ಎಂದು ಊರೂರು ಸೈಕಲ್ ತುಳಿದು ಹೇಳುವುದೇ ನನ್ನ ಕೆಲಸ. ಜನ ಕೇಳುತ್ತಿದ್ದರು. ಕೇಳದವರ ಹತ್ತಿರ ನಾನು ಜಗಳಕ್ಕೇ ನಿಲ್ಲುತ್ತಿದ್ದೆ, ಈ ಅಡವಯ್ಯನ ಬಾಯಿಗೆ ಹೆದರಿಯೇ ಎಷ್ಟೋ ಜನ ಹೂಂ ಅನ್ನುತ್ತಿದ್ದರು. ಮಾತನ್ನೂ ಕೇಳದೆ ಜಗಳವನ್ನೂ ಆಡದೆ ತನ್ನ ಪಾಡಿಗೆ ತಾನಿದ್ದವಳು ಒಬ್ಬಳೇ, ನನ್ನ ಹೆಂಡತಿ ಶಿವರುದ್ರಮ್ಮ.

ವಿಷಯ ಟಮಟೆ ಹಣ್ಣಿನದು. ಎಪ್ಪತ್ತರ ದಶಕದಲ್ಲಿ ಕೃಷಿ ಇಲಾಖೆಯಿಂದ ಕೈತೋಟಕ್ಕೆಂದು ಬೀಜದ ಪೊಟ್ಟಣಗಳು ಬರುತ್ತಿದ್ದವು. ಪೂಸಾ ರೂಬಿ ಎಂಬ ತಳಿ ಬೇಗ ಕಾಯಿ ಬಿಡುತ್ತಿತ್ತು. ಮಾರ್ಗ್ಲೋಬ್ ಹಣ್ಣು ಗುಂಡಗೆ, ನುಣ್ಣಗೆ, ಬುಟ್ಟಿಯಲ್ಲಿ ಜೋಡಿಸಿದರೆ ನೋಡುವವರ ಕಣ್ಣು ತಂಪಾಗುತ್ತಿತ್ತು. ಹಳ್ಳಿಯವರು ಎರಡನ್ನೂ ಸೇರಿಸಿ ಇಲಾಖೆ ಟಮಟೆ ಅನ್ನುತ್ತಿದ್ದರು. ಅದಕ್ಕೂ ಮೊದಲು ನಮ್ಮ ಕಡೆ ಇದ್ದದ್ದು ಹುಳಿ ಟಮಟೆ. ಗಿಡ ನೆಲದ ಮೇಲೆಲ್ಲ ಹರಡುತ್ತದೆ, ಹಣ್ಣು ಚಪ್ಪಟೆ, ಮೈತುಂಬ ಮಡಿಕೆ, ತೊಟ್ಟಿನ ಹತ್ತಿರ ಬಿರುಕು. ನನಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಶಿವರುದ್ರಮ್ಮ ತವರಿನಿಂದ ತಂದದ್ದು ಅದೇ ಬೀಜ.

ಮಧುಗಿರಿಯಲ್ಲಿ ನಮ್ಮ ಮನೆ ಬೆಟ್ಟದ ಬುಡದಲ್ಲೇ ಇತ್ತು. ಮಧ್ಯಾಹ್ನವಾದರೆ ಬಂಡೆಯ ಝಳ ಹಿತ್ತಲಿಗೆ ಹೊಡೆಯುತ್ತಿತ್ತು. ನಾನು ಸಾಲು ತೆಗೆದು ಮಾರ್ಗ್ಲೋಬ್ ನೆಟ್ಟರೆ ಅವಳು ದನದ ಕೊಟ್ಟಿಗೆಯ ಹಿಂದೆ, ಬಚ್ಚಲ ನೀರು ಹರಿಯುವಲ್ಲಿ ತನ್ನ ನಾಲ್ಕು ಗಿಡ ನೆಡುತ್ತಿದ್ದಳು. ಕಣ್ಣಿಗೆ ಬಿದ್ದರೆ ಕಿತ್ತು ಗೊಬ್ಬರದ ಗುಂಡಿಗೆ ಎಸೆಯುತ್ತಿದ್ದೆ. ಗ್ರಾಮಸೇವಕನ ಮನೆಯಲ್ಲೇ ಇಂಥ ಗಿಡ ಕಂಡರೆ ಜನ ನಗುವುದಿಲ್ಲವೇ? ಹದಿನೈದು ದಿನ ಬಿಟ್ಟು ನೋಡಿದರೆ ಇನ್ನೆಲ್ಲೋ ನಾಲ್ಕು ಗಿಡ ತಲೆ ಎತ್ತಿರುತ್ತಿದ್ದವು.

"ನಿಮ್ ಇಲಾಖೆ ಹಣ್ಣು ನೋಡಕ್ಕೆ ಸೈ ಕಣ್ರಿ, ಸಾರಿಗೆ ಹಾಕಿದ್ರೆ ಬರೀ ನೀರು," ಎನ್ನುತ್ತಿದ್ದಳು. ಸಿಟ್ಟಿಲ್ಲದೆ, ನಗುತ್ತಲೇ ಹೇಳುತ್ತಿದ್ದಳು. ನಮ್ಮ ಒಬ್ಬಳೇ ಮಗಳು ಚನ್ನಮಲ್ಲಮ್ಮನಿಗೆ ಅವ್ವ ಮಾಡುವ ಟಮಟೆ ಗೊಜ್ಜು ಇದ್ದರೆ ಬೇರೆ ಏನೂ ಬೇಡ. ತಟ್ಟೆಯಲ್ಲಿ ಮುದ್ದೆ ಮುಗಿದರೂ ಬೆರಳು ನೆಕ್ಕುತ್ತ ಕೂತಿರುತ್ತಿದ್ದಳು. ನಾನೂ ತಿನ್ನುತ್ತಿದ್ದೆ. ಚೆನ್ನಾಗಿದೆ ಎಂದು ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ಎಪ್ಪತ್ತೊಂಬತ್ತರ ಕಾರ್ತಿಕದಲ್ಲಿ ಶಿವರುದ್ರಮ್ಮನಿಗೆ ಕಾಮಾಲೆ ಆಯಿತು. ಇಪ್ಪತ್ತು ದಿನ ಮಲಗಿದಳು, ಹೋಗಿಬಿಟ್ಟಳು. ಕೊನೆಯ ದಿನಗಳಲ್ಲಿ ಅವಳ ಹತ್ತಿರ ಇದ್ದವಳು ಮಗಳೇ. ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಚನ್ನಮಲ್ಲಮ್ಮ ಅಡಿಗೆಮನೆ ಅಟ್ಟದಿಂದ ಒಂದು ಮಡಕೆ ಇಳಿಸಿದಳು. ಒಳಗೆ ಹಳೇ ಸೀರೆಯ ತುಂಡಿನಲ್ಲಿ ಬೂದಿ ಬೆರೆಸಿ ಕಟ್ಟಿದ ಟಮಟೆ ಬೀಜ. ಗಂಟನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದು, ಆಮೇಲೆ ನನ್ನ ಕೈಗೆ ಕೊಟ್ಟಳು.

"ಅಪ್ಪಾಜಿ, ಅವ್ವಂದು ಅಂತ ಉಳಿದಿರೋದು ಇದೇಯ. ಬುಡಬೇಡಿ."

"ಬುಡಲ್ಲ ಕಣಮ್ಮ," ಎಂದೆ.

ಮಾತು ಕೊಟ್ಟ ಮೇಲೆ ನಾನು ಹಗುರವಾಗಿ ತೆಗೆದುಕೊಳ್ಳುವ ಆಸಾಮಿಯಲ್ಲ. ಇಡೀ ಹಿತ್ತಲಿನಿಂದ ಇಲಾಖೆ ಟಮಟೆಯನ್ನು ಓಡಿಸಿದೆ. ಸಸಿಮಡಿ ಮಾಡಿ ಅರ್ಧ ಬೀಜ ಚೆಲ್ಲಿದೆ. ಸಸಿ ಬಂದಾಗ ಅಂಗೈಯಲ್ಲಿ ನೆರಳು ಮಾಡಿದಷ್ಟು ಜತನ ಮಾಡಿದೆ. ಅವಳು ಇದ್ದಾಗ ಕಿತ್ತೆಸೆದ ಗಿಡಗಳಿಗೆ ಈಗ ಕಡ್ಡಿ ಊರಿ, ಬಾಳೆನಾರು ಕಟ್ಟಿ, ಬೆಳಿಗ್ಗೆ ಸಂಜೆ ನೀರು ಹೊತ್ತೆ. ಗಿಡದ ಮುಂದೆ ಕೂತು ಅವಳ ಹತ್ತಿರ ಆಡದೇ ಉಳಿದ ಮಾತೆಲ್ಲ ಆಡುತ್ತಿದ್ದೆ. ನೋಡಿದವರು ಅಯ್ನೋರಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

ಹಣ್ಣಾದಾಗ ಮುಂದಿನ ಬೆಳೆಗೆ ಬೀಜ ತೆಗೆಯಬೇಕಲ್ಲ. ಒಂದೇ ಬೀಜದ ಗಿಡಗಳಾದರೂ ಹಣ್ಣು ಒಂದೇ ತರಹ ಇರಲಿಲ್ಲ. ಕೆಲವು ಗಿಡದಲ್ಲಿ ಮಡಿಕೆ ಹೆಚ್ಚು, ಕೆಲವುದರಲ್ಲಿ ಕಡಿಮೆ, ಒಂದೆರಡರಲ್ಲಿ ಸುಮಾರಾಗಿ ಗುಂಡಗೇ ಇದ್ದವು. ತರಬೇತಿಯಲ್ಲಿ ಕಲಿಸಿದ್ದು, ನಾನು ಸಾವಿರಾರು ಜನಕ್ಕೆ ಕಲಿಸಿದ್ದು ಒಂದೇ: ಬೀಜಕ್ಕೆ ಒಳ್ಳೆಯ ಹಣ್ಣನ್ನೇ ಆರಿಸಿ. ಬಿರುಕಿಲ್ಲದ, ಗುಂಡಗಿನ, ತೂಕದ ಹಣ್ಣುಗಳನ್ನೇ ಆರಿಸಿದೆ. ಹೊಸ ಬೀಜ ಒಣಗಿದ ಮೇಲೆ ಗಂಟಿನಲ್ಲಿ ಉಳಿದಿದ್ದ ಅವಳ ಹಳೇ ಬೀಜವನ್ನು ಬೂದಿಯ ಸಮೇತ ಗೊಬ್ಬರದ ಗುಂಡಿಗೆ ಸುರಿದೆ. ಹಳೇ ಬೀಜ ಇಟ್ಟುಕೊಳ್ಳಬಾರದು ಎನ್ನುವುದೂ ಇಲಾಖೆಯ ನಿಯಮವೇ. ಅವಳ ಬೀಜವನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇನೆ ಎಂದೇ ನಾನು ನಂಬಿದ್ದೆ.

ಹೀಗೇ ವರ್ಷಕ್ಕೆರಡು ಬೆಳೆ, ನಾಲ್ಕು ವರ್ಷ. ಈ ನಡುವೆ ಚನ್ನಮಲ್ಲಮ್ಮನನ್ನು ಕೊರಟಗೆರೆಯ ಒಬ್ಬ ಮೇಷ್ಟರಿಗೆ ಕೊಟ್ಟು ಮದುವೆ ಮಾಡಿದೆ. ಎಂಬತ್ತನಾಲ್ಕರಲ್ಲಿ ಏಳು ತಿಂಗಳ ಬಸುರಿ, ಮೊದಲ ಹೆರಿಗೆಗೆ ತವರಿಗೆ ಬಂದಳು. ಬಾಣಂತನಕ್ಕೆ ಬರಲು ನನ್ನ ಅಕ್ಕ ಒಪ್ಪಿದ್ದಳು. ಆದರೂ ಅವ್ವನಿಲ್ಲದ ಮನೆ. ಹುಡುಗಿ ಒಳಗೆ ಕಾಲಿಟ್ಟವಳೇ ಅಡಿಗೆಮನೆ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡಳು. ಊಟ ಸೇರುತ್ತಿರಲಿಲ್ಲ. ಏನು ತಿನ್ನಬೇಕು ಅನ್ನಿಸುತ್ತೆ ಎಂದು ಕೇಳಿದರೆ, "ಅವ್ವನ ಟಮಟೆ ಗೊಜ್ಜು," ಎಂದಳು.

ನನಗೆ ಹಿಗ್ಗೋ ಹಿಗ್ಗು. ಹಿತ್ತಲಿಗೆ ಓಡಿ ಮಡಿಲು ತುಂಬ ಹಣ್ಣು ತಂದು ಅವಳ ಮುಂದೆ ಸುರಿದೆ. ಚನ್ನಮಲ್ಲಮ್ಮ ಒಂದು ಹಣ್ಣನ್ನು ತಿರುಗಿಸಿ ತಿರುಗಿಸಿ ನೋಡಿದಳು. ತಾನೇ ಗೊಜ್ಜು ಮಾಡಿದಳು. ತಿಂದು, "ಚೆನ್ನಾಗೈತೆ ಅಪ್ಪಾಜಿ," ಎಂದಳು. ಮಾರನೆಯ ದಿನ ನೀರು ಕುಡಿಯಲು ಅಡಿಗೆಮನೆಗೆ ಹೋದಾಗ ನೋಡುತ್ತೇನೆ, ಒಲೆಯ ಮೇಲಿನ ಗೊಜ್ಜಿಗೆ ಹುಣಸೆಹುಳಿ ಕಿವುಚಿ ಹಾಕುತ್ತಿದ್ದಾಳೆ. ನನ್ನನ್ನು ಕಂಡು ಕೈ ಹಿಂದಕ್ಕೆ ತೆಗೆದಳು.

ತಟ್ಟೆಯಲ್ಲಿದ್ದ ಒಂದು ಹಣ್ಣನ್ನು ತೆಗೆದುಕೊಂಡು ಹಾಗೇ ಕಚ್ಚಿದೆ. ಸಪ್ಪೆ. ಒಂದಿಷ್ಟು ಸಿಹಿ. ಆಮೇಲೆ ಕೈಯಲ್ಲಿದ್ದ ಅರ್ಧ ಹಣ್ಣನ್ನು ನೋಡಿದೆ. ಗುಂಡಗಿತ್ತು, ನುಣ್ಣಗಿತ್ತು, ಒಂದು ಮಡಿಕೆ ಇರಲಿಲ್ಲ. ಎಂಟು ಬೆಳೆಯಲ್ಲಿ ನಾನು ಆರಿಸಿ ಆರಿಸಿ ಶಿವರುದ್ರಮ್ಮನ ಹಣ್ಣನ್ನು ಹಿತ್ತಲಿನಿಂದ ಹೊರಗೆ ಹಾಕಿದ್ದೆ.

ಆಗ ಹೊನ್ನಕ್ಕ ನೆನಪಾದಳು. ಬುಕ್ಕಾಪಟ್ಟಣದಲ್ಲಿ ನಾವಿದ್ದಾಗ ಪಕ್ಕದ ಹಟ್ಟಿಯ ಕುರುಬರ ಹೆಂಗಸು, ಶಿವರುದ್ರಮ್ಮನಿಗೆ ಬಲು ಬೇಕಾದವಳು. ನನ್ನವಳಿಂದಲೇ ಬೀಜ ಇಸಕೊಂಡು ಬೇಲಿ ತುಂಬ ಹುಳಿ ಟಮಟೆ ಹಬ್ಬಿಸಿದ್ದಳು. ಅಲ್ಲಿ ಇದ್ದೇ ಇರುತ್ತದೆ ಎಂದುಕೊಂಡು ಬೆಳಗಿನ ಬಸ್ಸು ಹತ್ತಿ ಸಿರಾಕ್ಕೆ ಹೋಗಿ, ಅಲ್ಲಿಂದ ಬುಕ್ಕಾಪಟ್ಟಣಕ್ಕೆ ಹೋದೆ.

ಹೊನ್ನಕ್ಕನಿಗೆ ವಯಸ್ಸಾಗಿತ್ತು, ಗುರುತು ಹಿಡಿದಳು. "ಬನ್ನಿ ಅಯ್ನೋರೇ, ಅಮ್ಮೋರು ಹೋಗ್ಬುಟ್ರಂತೆ, ಕೇಳಿ ಹೊಟ್ಟೆ ಉರಿದೋಯ್ತು," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಬಂದ ವಿಷಯ ಹೇಳಿದೆ. ಅವಳು ಬಾಯ ಮೇಲೆ ಕೈ ಇಟ್ಟುಕೊಂಡಳು.

"ಅದನ್ನೆಲ್ಲಿಂದ ತರಾಣ ಅಯ್ನೋರೇ? ನೀವೇ ಬಂದು ನಿಂತ್ಕಂಡು ಕೀಳಿಸ್ಲಿಲ್ವಾ? ಎಲೆ ಮುರುಟು ರೋಗ, ಹಟ್ಟಿಗೆಲ್ಲಾ ಅಂಟ್ತದೆ ಅಂದ್ರಿ. ನಾನು ಕಿತ್ತೆ, ಪಕ್ಕದ್ಮನೆ ಗೌರಕ್ಕನೂ ಕಿತ್ಲು, ಹಟ್ಟೀರೆಲ್ಲಾ ಕಿತ್ತಾಕ್ಬುಟ್ರು. ನೀವು ಹೇಳಿದ್ ಮೇಲೆ ಮಡಗ್ತೀವಾ?"

ನಾನು ಅದನ್ನು ಮರೆತೇಬಿಟ್ಟಿದ್ದೆ. ಎಷ್ಟು ಹಟ್ಟಿಯಲ್ಲಿ ಹೀಗೆ ನಿಂತು ಕೀಳಿಸಿದ್ದೆನೋ, ಯಾವುದೂ ನೆನಪಿರಲಿಲ್ಲ. ಹೊರಡುವಾಗ ಹೊನ್ನಕ್ಕ ಒಂದು ಚೀಲ ಹಣ್ಣು ಕೊಟ್ಟಳು. "ನೀವು ಕೊಟ್ಟ ಇಲಾಖೆ ಬೀಜಾನೇ ಈಗ್ಲೂ ಬಿತ್ತೋದು, ನೋಡಿ ಹೆಂಗದೆ!" ಎಂದು ಹೆಮ್ಮೆಯಿಂದ ತೋರಿಸಿದಳು. ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ನಡೆದೆ.

ಸಂಜೆ ಮನೆಗೆ ಬಂದಾಗ ಚನ್ನಮಲ್ಲಮ್ಮ ಹಿತ್ತಲ ಬಾಗಿಲಲ್ಲಿ ಕೂತಿದ್ದಳು. ಚೀಲ ಕೆಳಗಿಟ್ಟು ಅವಳ ಪಕ್ಕದಲ್ಲೇ ಕೂತೆ.

"ಎಲ್ಲೂ ಸಿಗ್ಲಿಲ್ಲ ಕಣಮ್ಮ. ಅವ್ವನ ಬೀಜ ನನ್ ಕೈಯಾರೆ ಹಾಳು ಮಾಡ್ಬುಟ್ಟೆ."

ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಗಿಡಗಳನ್ನೇ ನೋಡುತ್ತಿದ್ದಳು. ಬಯ್ಯಲಿ ಎಂದು ನಾನು ಕಾದೆ.

"ತಪ್ಪು ನಂದೇ ಅಪ್ಪಾಜಿ," ಎಂದಳು. "ಅವ್ವ ಸಾಯೋ ಹಿಂದಿನ ದಿನ ಹೇಳಿದ್ಲು. ಮಡಕೇಲಿ ಬೀಜ ಐತೆ, ನೀನು ಹೋದ ಮನೇಗೆ ತಗೊಂಡೋಗು, ನಿಮ್ಮಪ್ಪನ ಕೈಗೆ ಮಾತ್ರ ಕೊಡಬೇಡ ಅಂತ. ನಾನೇ ಕೇಳ್ಲಿಲ್ಲ. ನೀವೊಬ್ರೇ ಆಗ್ತೀರಲ್ಲ, ಅವ್ವಂದು ಅಂತ ನಿಮ್ ಹತ್ರ ಏನಾದ್ರೂ ಇರ್ಲಿ ಅಂತ ಕೊಟ್ಟೆ."

ಅಷ್ಟು ಹೇಳಿ ಗೋಡೆ ಹಿಡಿದು ಎದ್ದು ಒಳಗೆ ಹೋದಳು. ನಾನು ಹೊಸಿಲ ಮೇಲೆ ಕೂತೇ ಇದ್ದೆ, ತಡೆದುಕೊಳ್ಳಲಾರದೆ ಅತ್ತೆ. ನನ್ನ ಜೊತೆ ಇಪ್ಪತ್ತೇಳು ವರ್ಷ ಬಾಳಿದವಳು ಸಾಯುವಾಗ ನನ್ನ ಬಗ್ಗೆ ಮಗಳಿಗೆ ಹೇಳಿಹೋದ ಮಾತು ಅದು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು.