ಕೆಂಡದ ಮಡಕೆ

"ಚಟ್ಟ ನೆಟ್ಟಗೆ ಕಟ್ಟುರ್ಲಾ, ಬಿದಿರು ಓರೆ ಆಯ್ತದೆ!" ಎಂದು ಕೆಂಪಸಿದ್ದಯ್ಯ ಕೂಗುತ್ತಿದ್ದಾಗ ರಘುನಂದನ್ ಅಂಗಳಕ್ಕೆ ಕಾಲಿಟ್ಟ. ಜನ ದಾರಿ ಬಿಟ್ಟರು. ಅಪ್ಪ ಜಗಲಿಯ ಮೇಲೆ ಬಿಳಿಯ ಪಂಚೆ ಹೊದ್ದು ಮಲಗಿದ್ದ.

ಬೆಳಿಗ್ಗೆ ಮದ್ದೂರಿನ ಅಂಚೆ ಕಚೇರಿಯಲ್ಲಿ ಅವನು ಕಾಗದಗಳಿಗೆ ಮುದ್ರೆ ಒತ್ತುತ್ತಿದ್ದಾಗ ಹೆಂಡತಿ ದೀಪಿಕಳ ಫೋನು ಬಂದಿತ್ತು. "ಮಾವ ಹಾಲು ಕುಡ್ದು ಜಗ್ಲಿ ಮೇಲೆ ಕೂತಿದ್ರು. ಲೋಟ ಈಸ್ಕೊಳಕ್ಕೆ ಹೋದೆ. ಮಾತೇ ಆಡ್ಲಿಲ್ಲ ಕಣ್ರೀ." ಕೈಯಲ್ಲಿದ್ದ ಕಾಗದಕ್ಕೂ ಮುದ್ರೆ ಒತ್ತಿಯೇ ಅವನು ಎದ್ದಿದ್ದ.

ಅಪ್ಪ ಹೊನ್ನಯ್ಯನಿಗೆ ಎಪ್ಪತ್ತೊಂದು ವರ್ಷ. ಚಿಕ್ಕರಸಿನಕೆರೆಯ ಸುತ್ತಿನ ಆಲೆಮನೆಗಳಲ್ಲಿ ಅವನಷ್ಟು ಬೆಲ್ಲದ ಪಾಕ ಬಲ್ಲವರಿರಲಿಲ್ಲ. ಕೊಪ್ಪರಿಗೆಯ ಕುದಿತದ ಸದ್ದು ಕೇಳಿಯೇ ಇಳಿಸುವ ಹೊತ್ತು ಹೇಳುತ್ತಿದ್ದ. ಮಾತು ಕಡಿಮೆ. ಆಡಿದರೆ ಬೈಗುಳವೇ ಹೆಚ್ಚು.

"ನಲವತ್ತು ವರ್ಷ ಇವನ ಗಾಣದ ಇಂಜಿನ್ ರಿಪೇರಿ ಮಾಡ್ದೆ," ಎಂದ ಮದ್ದೂರಿನ ಮೆಕ್ಯಾನಿಕ್ಕು ನಿಜಾಮುದ್ದೀನ್, ಟೋಪಿ ಸರಿಮಾಡಿಕೊಳ್ಳುತ್ತ. "ಒಂದಿನ ಚೆನ್ನಾಗಿ ಮಾಡ್ದೆ ಅನ್ಲಿಲ್ಲ. ಕೇಳಿದ್ರೆ, ನಾನು ಬೈಲಿಲ್ಲ ಅಂದ್ರೆ ಚೆನ್ನಾಗದೆ ಅಂತ ತಿಳ್ಕೊಳ್ಳಯ್ಯ ಅನ್ನೋನು."

"ನಾನ್ ಮಾಡಿದ್ ಸಾರಿಗೂ ಅಂಗೇ ಅಂತಿದ್ರು ಕಣಪ್ಪ," ಎಂದಳು ಮುದ್ದಮ್ಮ. ಗಂಡನ ತಲೆಯ ಬಳಿ ಕುಳಿತು ಅಳುತ್ತಿದ್ದವಳ ಮುಖದಲ್ಲಿ ನಗೆ ಬಂದು ಹೋಯಿತು.

ಕೆಂಪಸಿದ್ದಯ್ಯ ಹೊನ್ನಯ್ಯನ ದೊಡ್ಡಪ್ಪನ ಮಗ. ಮನೆಯ ಹಿರಿಯ. ಅವನು ಗಂಟಲು ಸರಿಮಾಡಿಕೊಂಡ.

"ಬೆಂಕಿ ಮಡಕೆ ಯಾರು ಇಡ್ಕತಾರೆ?"

ಹೂಳುವುದೇ ಆದರೂ ಹೆಣದ ಮುಂದೆ ಮಗ ಕೆಂಡದ ಮಡಕೆ ಹಿಡಿದು ನಡೆಯುವುದು ಅವರ ಮನೆತನದ ಪದ್ಧತಿ. ಹೊಲ ಮುಟ್ಟುವ ತನಕ ಅದನ್ನು ಕೆಳಗಿಡುವಂತಿಲ್ಲ.

"ರಘು ಕೈಲಾಗಾಕಿಲ್ಲ. ದಾರೀಲಿ ಬೀಳ್ಸುದ್ರೆ ಕೇಡು. ನನ್ ಮಗ ಇಡ್ಕಳ್ಳಿ ಬುಡು."

"ನನ್ ಮಗ ಸತ್ತೋಗವ್ನಾ ಬಾವ?" ಎಂದಳು ಮುದ್ದಮ್ಮ. "ಅವನ್ನೇ ಕೇಳಿ."

ರಘುನಂದನ್ ಅಂಗಿಯ ಬಲತೋಳನ್ನು ಮಣಿಕಟ್ಟಿನವರೆಗೆ ಎಳೆದುಕೊಂಡ. ಹಿತ್ತಲಿಗೆ ಹೋದ.

*

ಹನ್ನೆರಡು ವರ್ಷದ ಹಿಂದೆ, ಮಾಘದಲ್ಲಿ, ಅವನ ತಮ್ಮ ಸ್ವರೂಪ್ ಪಾಕ ತಿರುವುತ್ತಿದ್ದವನು ಕಾಲು ಜಾರಿ ಕೊಪ್ಪರಿಗೆಗೆ ಬಿದ್ದ. ಎಳೆದವನು ರಘುನಂದನ್. ಅವನ ತೋಳು ಬೆಂದಿತು. ಸ್ವರೂಪ್ ನಾಲ್ಕು ದಿನ ಬದುಕಿದ್ದ.

ಹದಿನೈದನೆಯ ದಿನ ಹೊನ್ನಯ್ಯ ಅದೇ ಒಲೆ ಹಚ್ಚಿದ. ಊರು ಬೆಕ್ಕಸ ಬೆರಗಾಯಿತು. ಅಷ್ಟೇ ಅಲ್ಲ, ರಘುವನ್ನೂ ಕೈಹಿಡಿದು ಕರೆದೊಯ್ದ. ಬೆದರಿದವರಿಗೆ ಕಾದ ಕಬ್ಬಿಣ ಅದ್ದಿದ ನೀರು ಕುಡಿಸುವುದು ಹಿಂದಿನವರ ಔಷಧ. ಕುಡುಗೋಲನ್ನು ಅದೇ ಒಲೆಯಲ್ಲಿ ಕಾಯಿಸಿ ನೀರಿಗೆ ಅದ್ದಿದ. ಚುಂಯ್ ಎಂದ ಸದ್ದಿಗೆ ಹುಡುಗ ಪ್ರಜ್ಞೆ ತಪ್ಪಿ ಬಿದ್ದ. ಅಂದಿನಿಂದ ಅವನು ಅಡುಗೆಮನೆಗೂ ಕಾಲಿಡಲಿಲ್ಲ.

ಮುದ್ದಮ್ಮ ಮುತ್ತತ್ತಿಯ ಹನುಮಂತನಿಗೆ ಹರಕೆ ಹೊತ್ತು ಒಂಬತ್ತು ಶನಿವಾರ ಅಲ್ಲಿಗೆ ನಡೆದಳು. ಮಗನಿಗೆ ಅಂತ್ರದ ತಾಯಿತ ಕಟ್ಟಿಸಿದಳು. ಅದರಿಂದ ಮಗನಿಗೆ ನಿದ್ದೆ ಬಂತು, ಅದು ಸುಳ್ಳಲ್ಲ. ಆದರೆ ಭಯ ಹೋಗಲಿಲ್ಲ. ಕೊನೆಗೆ ಮಂಡ್ಯದ ಒಬ್ಬ ಮನಸ್ಸಿನ ಡಾಕ್ಟರ ಬಳಿಗೆ ಹದಿನೈದು ದಿನಕ್ಕೊಮ್ಮೆ ಹೋಗತೊಡಗಿದ.

"ಮಾತಾಡಿ ವಾಸಿಯಾಗೋ ಕಾಯ್ಲೆ ಯಾವುದ್ಲಾ?" ಎಂದು ಹೊನ್ನಯ್ಯ ಬೈಯುತ್ತಿದ್ದ. ಆದರೆ ಪ್ರತಿಸಲವೂ ಜೊತೆಯಲ್ಲಿ ಬಸ್ಸು ಹತ್ತುತ್ತಿದ್ದ. ಹೊರಗಿನ ಬೆಂಚಿನ ಮೇಲೆ ಕೂತಿರುತ್ತಿದ್ದ. ಒಳಗೆ ಏನು ಮಾತಾಯಿತೆಂದು ಒಮ್ಮೆಯೂ ಕೇಳಲಿಲ್ಲ.

ಡಾಕ್ಟರು ಅವನಿಂದ ಆ ದಿನವನ್ನು ತುಂಡುತುಂಡಾಗಿ ಹೇಳಿಸಿದರು. ಬೆಂಕಿಪೊಟ್ಟಣ ಕೈಯಲ್ಲಿ ಹಿಡಿಯಲು ಒಂದು ವರ್ಷ ಬೇಕಾಯಿತು. ಹೋದ ಕಾರ್ತಿಕದಲ್ಲಿ ದೇವರ ಮುಂದೆ ಒಂದು ದೀಪ ಹಚ್ಚಿದ್ದ. ಅಲ್ಲಿಗೇ ನಿಂತಿತ್ತು. ಅಪ್ಪನದು ಕಲ್ಲೆದೆ, ತನ್ನದು ಹಾಗಲ್ಲ ಎಂದು ಅವನು ನಂಬಿದ್ದ. ಆ ಹದಿನೈದನೆಯ ದಿನವನ್ನು ಅಪ್ಪನಿಗೆ ಕ್ಷಮಿಸಿರಲೂ ಇಲ್ಲ.

*

ಹಿತ್ತಲಿಗೆ ನಿಜಾಮುದ್ದೀನ್ ಬಂದು ಒಗೆಯುವ ಕಲ್ಲಿನ ಮೇಲೆ ಕುಳಿತ.

"ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕ್ಸಿದ್ದ. ಇವತ್ತು ಮುರೀತೀನಿ, ಅಲ್ಲಾ ಮಾಫ್ ಮಾಡ್ಲಿ. ಒಲೆ ಹಚ್ಚಿದ ದಿನ ನಿಮ್ಮಪ್ಪ ಇಂಜಿನ್ ಶೆಡ್ ಹಿಂದೆ ಓಡಿ ಬಂದು ವಾಂತಿ ಮಾಡ್ಕೊಂಡ. ಪಂಚೆಯೆಲ್ಲ ಒದ್ದೆ. ನಾನೇ ಬೇರೆ ಲುಂಗಿ ಕೊಟ್ಟೆ."

"ಅವತ್ತೊಂದಿನ?"

"ಪ್ರತಿ ವರ್ಷ, ಮೊದಲನೇ ಒಲೆ ಹಚ್ಚೋ ದಿನ. ಹನ್ನೆರಡು ಸಲ. ಬಿಟ್ಬಿಡೋ ಮಾರಾಯ ಅಂದೆ. ನಾನು ಬಿಟ್ರೆ ನನ್ ಮಗ ಏನ್ ನೋಡಿ ಎದ್ದು ನಿಲ್ತಾನೆ ಅಂದ. ಆಮೇಲೆ ಅಂದ, ಕುಡುಗೋಲಿನ ನೀರು ಕುಡ್ಸಕ್ಕೆ ಓಗಿದ್ದು ತಪ್ಪಾಯ್ತು ಕಣೋ ನಿಜಾಮ, ಅವನ ದಾರಿ ಬೇರೆ, ನಂಗೆ ಗೊತ್ತಾಗ್ಲಿಲ್ಲ ಅಂತ."

ರಘುನಂದನ್ ಅವನ ಪಕ್ಕ ಕುಳಿತ.

"ನನಗೇ ಹೇಳ್ಬೋದಿತ್ತಲ್ಲ ಸಾಬ್ರೇ."

"ಹೇಳ್ಬೋದಿತ್ತು. ಬೆಂಚಿನ ಮೇಲೆ ಕೂತು ಅದನ್ನೇ ಯೋಚಿಸ್ತಿದ್ನೋ ಏನೋ."

ರಘುನಂದನ್ ಎದ್ದು ತೊಟ್ಟಿಯ ನೀರಿನಲ್ಲಿ ಮುಖ ತೊಳೆದ. ಅಂಗಿ ಬಿಚ್ಚಿ ಅಂಗಳಕ್ಕೆ ಬಂದ. ತೋಳಿನ ಸುಕ್ಕುಗಟ್ಟಿದ ಚರ್ಮವನ್ನು ಊರು ಹನ್ನೆರಡು ವರ್ಷದ ಮೇಲೆ ಕಂಡಿತು.

"ಕೊಡಿ ದೊಡ್ಡಪ್ಪ."

"ನೋಡ್ಲಾ ಮಗ, ಹಟ ಬ್ಯಾಡ..."

"ಕೈ ನಡುಗ್ತದೆ. ನಡುಗಿದ್ರೂ ಇಡ್ಕತೀನಿ. ಕೊಡಿ."

ಹಗ್ಗದ ನೆಲುವಿನಲ್ಲಿ ತೂಗುಬಿಟ್ಟ ಮಡಕೆಯನ್ನು ಅವನ ಕೈಗೆ ಕೊಟ್ಟರು. ಕೆಂಡದ ಬಿಸಿ ಮೊಣಕಾಲಿಗೆ ತಾಕಿತು. ಅವನು ನಡೆದ. ಹಿಂದೆ ಹೆಣ, ಹೆಣದ ಹಿಂದೆ ಊರು.

ಕಾಲುವೆಯ ಏರಿಯ ಮೇಲೆ ಗಾಳಿ ಬೀಸಿ ಮಡಕೆಯೊಳಗೆ ಚಟಪಟ ಸದ್ದಾಯಿತು. ರಘುನಂದನ್ ನಿಂತುಬಿಟ್ಟ. ಬೆವರು ಕಣ್ಣಿಗಿಳಿಯಿತು. ಮಡಕೆ ಗಡಿಯಾರದ ಲೋಲಕದಂತೆ ಆಡತೊಡಗಿತು. ಕೆಂಪಸಿದ್ದಯ್ಯ ಮುಂದೆ ಬಂದು ಕೈ ಚಾಚಿದ.

"ಸಾಕು ಕಣ್ಲಾ, ಕೊಡು."

"ಕೊಡಾಕಿಲ್ಲ," ಎಂದ ರಘುನಂದನ್. "ವಸಿ ನಿಲ್ಲಿ. ಬತ್ತೀನಿ."

ಚಟ್ಟ ಹೊತ್ತವರು ಹೆಗಲು ಬದಲಿಸದೆ ನಿಂತರು. ತಮಟೆಯವನು ತಮಟೆ ನಿಲ್ಲಿಸಿದ. ಬಿಸಿಲಿನಲ್ಲಿ ಇಡೀ ಊರು, ಹೆಗಲ ಮೇಲಿನ ಹೊನ್ನಯ್ಯನೂ ಸೇರಿ, ಅವನಿಗಾಗಿ ಕಾದಿತು. ಯಾರೂ ಬೇಗ ಬಾ ಎನ್ನಲಿಲ್ಲ.

ಮಡಕೆಯ ತೂಗಾಟ ನಿಂತ ಮೇಲೆ ಅವನು ಎಡಗಾಲು ಮುಂದಿಟ್ಟ.

ಹೊಲದಲ್ಲಿ ಸ್ವರೂಪನ ಸಮಾಧಿಯ ಪಕ್ಕದಲ್ಲೇ ಗುಣಿ ತೋಡಿದ್ದರು. ಮೂರು ಸುತ್ತು ಬಂದು ರಘುನಂದನ್ ಮಡಕೆಯನ್ನು ತಾನೇ ಬಗ್ಗಿ ನೆಲಕ್ಕಿಟ್ಟ. ಮೊದಲ ಹಿಡಿ ಮಣ್ಣು ಅವನು ಹಾಕಿದ, ಎರಡನೆಯದು ಮುದ್ದಮ್ಮ. ಅವಳು ಮುತ್ತತ್ತಿಯ ದಿಕ್ಕಿಗೆ ತಿರುಗಿ ಮಣ್ಣುಗೈಯಲ್ಲೇ ಕೈಮುಗಿದಳು.

"ಮುತ್ತೆತ್ತರಾಯ, ನಮ್ಮನೇರು ಬೆಂಕಿ ಮುಂದ್ಲೇ ಬಾಳುದ್ರು. ಈಗ ಮಗನ ಮಗ್ಗುಲಿಗೆ ಬಂದವ್ರೆ. ಇಬ್ರುನ್ನೂ ತಣ್ಣಗೆ ಮಲುಗ್ಸಪ್ಪ."