ಕಲಂದರನ ಎಡಗಾಲು

ಕಲಂದರ್ ನಮ್ಮ ಆರ್ಕೆಸ್ಟ್ರಾಕ್ಕೆ ಬರುವ ತನಕ ಚಿಂತಾಮಣಿಯಲ್ಲಿ ಡ್ರಮ್ ಸೆಟ್ ಅಂದರೆ ಚನ್ನಕೇಶವ, ಅಂದರೆ ನಾನು. ಜಂಬಕ್ಕೆ ಹೇಳುತ್ತಿಲ್ಲ. ಊರಿನಲ್ಲಿ ಇದ್ದದ್ದೇ ಒಂದು ಸೆಟ್ಟು, ಅದರ ಮುಂದಿದ್ದದ್ದು ಒಂದು ಸ್ಟೂಲು, ಅದರ ಮೇಲೆ ಕೂರುತ್ತಿದ್ದವನು ನಾನೊಬ್ಬನೇ. ಮದುವೆ ರಿಸೆಪ್ಷನ್ ಇರಲಿ, ಗಣೇಶನ ಪೆಂಡಾಲ್ ಇರಲಿ, ಹಾಡು ಮುಗಿದ ಮೇಲೆ ಹುಡುಗರು ಹಾಡಿದವರನ್ನು ಬಿಟ್ಟು ನನ್ನ ಹತ್ತಿರ ಬಂದು ಕಡ್ಡಿ ಮುಟ್ಟಿ ನೋಡುತ್ತಿದ್ದರು. ಆ ಸ್ಟೂಲಿನ ಮೇಲೆ ಕೂತಾಗ ನಾನು ಯಾರೋ ಆಗಿದ್ದೆ. ಕೆಳಗಿಳಿದರೆ ಪಿಯುಸಿ ಫೇಲಾದ ರೈತರ ಮನೆ ಹುಡುಗ, ಅಷ್ಟೇ.

ಆರ್ಕೆಸ್ಟ್ರಾ ಚೆನ್ನರಾಯಪ್ಪನವರದು. ಬಟ್ಟೆ ಅಂಗಡಿ ಅವರ ಕಸುಬು, ಅಕಾರ್ಡಿಯನ್ ಅವರ ಹುಚ್ಚು. ಅಂಗಡಿಯ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ರಿಹರ್ಸಲ್ಲು. ಎಂಬತ್ತಾರರ ಬೇಸಿಗೆಯಲ್ಲಿ ಒಂದು ಭಾನುವಾರ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಒಬ್ಬ ಸಣಕಲು ಹುಡುಗ ಬಂದ. ನನ್ನದೇ ವಯಸ್ಸು, ಇಪ್ಪತ್ತೆರಡೋ ಇಪ್ಪತ್ಮೂರೋ. ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಬಿಸಿನೀರಿನಲ್ಲಿ ಗೂಡು ಬೇಯಿಸಿ ರೇಷ್ಮೆ ಬಿಚ್ಚುವವರ ಬೆರಳು ಹಾಗಿರುತ್ತದೆ.

"ಏನಪ್ಪಾ, ಡ್ರಮ್ಸ್ ಬಾರಿಸ್ತೀಯಂತೆ, ಕೂತ್ಕೋ" ಅಂದರು ಚೆನ್ನರಾಯಪ್ಪ. ನಾನು ಎದ್ದು ಸ್ಟೂಲು ಕೊಟ್ಟೆ. ಐದು ನಿಮಿಷಕ್ಕೆ ಅಂತ ಕೊಟ್ಟಿದ್ದು. ಆಮೇಲೆ ಅದು ನನಗೆ ವಾಪಸು ಸಿಕ್ಕಿದ್ದು ಒಂದೂವರೆ ವರ್ಷಕ್ಕೆ, ಅದೂ ಹೇಗೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಲಂದರ್ ಬಾರಿಸಿದ. ಚೆನ್ನರಾಯಪ್ಪನವರ ಬಾಯಿ ತೆರೆದದ್ದು ತೆರೆದೇ ಇತ್ತು. ಮರುವಾರ ನನ್ನನ್ನು 'ತುಂಬಾ' ವಾದ್ಯದ ಮುಂದೆ ನಿಲ್ಲಿಸಿದರು. ನಿಂತುಕೊಂಡು ಅಂಗೈಯಲ್ಲಿ ಬಡಿಯುವ ಆ ಉದ್ದನೆಯ ಜೋಡಿ ಚರ್ಮವಾದ್ಯಕ್ಕೆ ನಮ್ಮಲ್ಲಿ ತುಂಬಾ ಅಂತ ಹೆಸರು. ನನಗೆ ಬೇಜಾರಾಗದಿರಲಿ ಅಂತ ಒಂದು ದೊಡ್ಡಸ್ತಿಕೆಯನ್ನೂ ಕೊಟ್ಟರು. ನಮ್ಮ ಆರ್ಕೆಸ್ಟ್ರಾದಲ್ಲಿ ರಿಹರ್ಸಲ್ ಹೊತ್ತಿನಲ್ಲಿ ಒಬ್ಬ ಕೈತಾಳ ಹಾಕಬೇಕು. ಯಾರಾದರೂ ಲಯ ತಪ್ಪಿದರೆ, ತಪ್ಪಿದ್ದು ನೀನು, ಅಲ್ಲ ನೀನು ಅಂತ ಜಗಳ ಬಂದರೆ, ಕೈತಾಳದವನು ಹೇಳಿದ್ದೇ ಕೊನೆ. ಅದಕ್ಕೆ ಚೆನ್ನರಾಯಪ್ಪನವರೂ ಎದುರಾಡುತ್ತಿರಲಿಲ್ಲ. "ನಿನ್ ಕಿವಿ ಒಳ್ಳೇದಪ್ಪಾ ಚನ್ನಕೇಶವ" ಅಂದರು. ಕೈ ಕಿತ್ತುಕೊಂಡು ಕಿವಿ ಹೊಗಳಿದ ಹಾಗಾಯಿತು. ನನಗೆ ಹೊಟ್ಟೆ ಉರಿದುಹೋಯಿತು.

ಅವನು ಏನು ಮಾಡುತ್ತಿದ್ದ ಅಂತ ಹೇಳಬೇಕು, ಇಲ್ಲದಿದ್ದರೆ ನನ್ನ ಉರಿ ನಿಮಗೆ ಅರ್ಥವಾಗುವುದಿಲ್ಲ. ಸಿನಿಮಾ ಹಾಡಿಗೆ ನಾವೆಲ್ಲ ಒಂದು ಎರಡು ಮೂರು ನಾಲ್ಕು ಅಂತ ಬಾರಿಸುವವರು. ಎರಡಕ್ಕೂ ನಾಲ್ಕಕ್ಕೂ ಸ್ನೇರ್ ಅನ್ನುವ ಚಿಕ್ಕ ಡ್ರಮ್ಮಿನ ಮೇಲೆ ಏಟು, ಜನ ಅದಕ್ಕೆ ಚಪ್ಪಾಳೆ ಹೊಡೆಯುತ್ತಾರೆ. ಕಲಂದರ್ ಹಾಡಿನ ನಡುವೆ, ಬರೀ ವಾದ್ಯ ನುಡಿಯುವ ಜಾಗದಲ್ಲಿ, ಪ್ರತಿ ಎಣಿಕೆಯನ್ನೂ ಎರಡು ಹೋಳು ಮಾಡಿಕೊಂಡು ಮೂರು ಹೋಳಿಗೊಂದರಂತೆ ಸ್ನೇರ್ ಹೊಡೆಯುತ್ತಿದ್ದ. ಕೇಳುವವನ ಕಿವಿ ಆ ಏಟುಗಳನ್ನೇ ತಾಳ ಅಂದುಕೊಂಡುಬಿಡುತ್ತದೆ. ಇದ್ದಕ್ಕಿದ್ದಂತೆ ಹಾಡಿನ ಓಟ ಕುಗ್ಗಿ ತೂಕಡಿಸಿದ ಹಾಗಾಗುತ್ತದೆ. ನಿಜವಾಗಿ ಏನೂ ಕುಗ್ಗಿರುವುದಿಲ್ಲ. ನಾಲ್ಕೆಣಿಕೆಯ ಮೂರು ಸುತ್ತು ಮುಗಿದು ಇಪ್ಪತ್ತನಾಲ್ಕು ಹೋಳು ಆಗುವಷ್ಟರಲ್ಲಿ ಅವನ ಎಂಟು ಏಟೂ ಮುಗಿದು, ಹಾಡೂ ಅವನ ಕೈಯೂ ಮತ್ತೆ 'ಒಂದ'ರ ಮೇಲೆ ಸರಿಯಾಗಿ ಸೇರುತ್ತಿದ್ದವು. ಆಗ ಹಾಡು ನಿದ್ದೆಯಿಂದ ಎದ್ದು ಓಡಿದಂತೆ ಅನ್ನಿಸುತ್ತಿತ್ತು. ಮೈ ಜುಮ್ಮೆನ್ನುತ್ತಿತ್ತು, ನನ್ನದೂ.

ಮೊದಲ ಸಲ ಇದನ್ನು ಮಾಡಿದಾಗ ಎಲ್ಲರೂ ಅವನ ಕೈ ನೋಡುತ್ತಿದ್ದರು. ನಾನು ಕಾಲು ನೋಡಿದೆ. ಎಡಗಾಲು, ಜೋಡಿ ಹಿತ್ತಾಳೆ ತಟ್ಟೆ ಬಡಿಸುವ ಹೈ-ಹ್ಯಾಟ್ ಪೆಡಲ್ ಮೇಲಿತ್ತು. ಕೈ ಎಲ್ಲೆಲ್ಲಿ ತಿರುಗಿದರೂ ಅದು ಮಾತ್ರ ಒಂದು ಎರಡು ಮೂರು ನಾಲ್ಕು ಅಂತ ಹಿಸುಕುತ್ತಲೇ ಇತ್ತು. ಅದರ ಚಿಪ್ ಚಿಪ್ ಸದ್ದು ಇತರ ಗಲಾಟೆಯಲ್ಲಿ ಯಾರಿಗೂ ಕೇಳುತ್ತಿರಲಿಲ್ಲ.

"ಕಾಲಲ್ಲಿ ಅಸಲು ಇಟ್ಕೊಂಡು ಕೈಯಲ್ಲಿ ಮೋಸ ಮಾಡ್ತೀಯ" ಅಂದೆ, ಸಿಡುಕಿನಿಂದಲೇ.

ಅವನು ಕಡ್ಡಿ ಬಿಸಾಕಿ ನನ್ನ ಹೆಗಲು ಹಿಡಿದ. "ನೀನ್ ಕಾಲು ನೋಡ್ದಾ! ಯಾ ಅಲ್ಲಾ, ಇಷ್ಟು ದಿನದಲ್ಲಿ ಒಬ್ರೂ ನೋಡಿರ್ಲಿಲ್ಲ ಕಣೋ!"

ನನ್ನ ಸ್ಟೂಲು ಕಿತ್ತುಕೊಂಡವನು ನನ್ನನ್ನೇ ಅಪ್ಪಿಕೊಂಡರೆ ನಾನೇನು ಮಾಡಲಿ. ಮುಂದಿನ ಶುಕ್ರವಾರ ಬಲವಂತ ಮಾಡಿ ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋದ. ಅವನ ಭಾವ ಬೆಂಗಳೂರಿನಲ್ಲಿ ಟೇಪ್ ರೆಕಾರ್ಡರ್ ರಿಪೇರಿ ಮಾಡುವವನು. ರಿಪೇರಿಗೆ ಬಂದ ಸೆಟ್ಟುಗಳೊಳಗೆ ಸಿಕ್ಕಿದ ಕ್ಯಾಸೆಟ್ಟುಗಳನ್ನು ಕಾಪಿ ಮಾಡಿ ಕಳಿಸುತ್ತಿದ್ದ. ಒಂದರ ಮೇಲೆ ಬಾಲ್‌ಪೆನ್ನಿನಲ್ಲಿ 'ಪ್ರೋಗ್ರೆಸಿವ್ ರಾಕ್' ಅಂತಷ್ಟೇ ಇತ್ತು. ಯಾವ ಬ್ಯಾಂಡು, ಯಾವ ದೇಶ, ಅವನಿಗೂ ಗೊತ್ತಿರಲಿಲ್ಲ. ಒಂದೊಂದು ಹಾಡು ಹದಿನೈದು ನಿಮಿಷ, ಏಳರ ಎಣಿಕೆ, ಹನ್ನೊಂದರ ಎಣಿಕೆ, ನಡುವೆ ಕಿವಿಗೆ ಬಿದ್ದೂ ಬೀಳದ ಮೆಲು ಏಟುಗಳು.

"ಇದನ್ನ ಕೇಳಿ ಕಲಿತ್ಯಾ?" ಅಂದೆ.

"ಕೇಳಿದ್ದು ಆಮೇಲೆ. ಕಲಿತಿದ್ದು ಇದರಲ್ಲಿ" ಅಂತ ಹಿತ್ತಲಿನ ರೇಷ್ಮೆ ಬಿಚ್ಚುವ ಚರಕ ತೋರಿಸಿದ. ಅವನ ತಾಯಿ ದಿಲ್ಷಾದ್ ಬೇಗಂ ಬಿಸಿನೀರಿನ ಬಾಣಲೆ ಮುಂದೆ ಕೂತು ಗೂಡಿನಿಂದ ಎಳೆ ಎತ್ತಿ ಕೊಡುತ್ತಿದ್ದರು. ಬೆಂದ ಹುಳುವಿನ ವಾಸನೆ ಗಂಟಲಿಗಿಳಿಯುತ್ತಿತ್ತು. ಕಲಂದರ್ ಕೂತು ರಾಟೆಯ ಹಿಡಿ ತಿರುಗಿಸಿದ. ರಾಟೆ ಸುತ್ತುತ್ತಿದ್ದಂತೆ ಅದರ ಮುಂದೆ ಒಂದು ಕಡ್ಡಿ ನೂಲನ್ನು ಹಿಡಿದು ಅತ್ತಿತ್ತ ಓಡಾಡುತ್ತಿತ್ತು.

"ರಾಟೆದು ಒಂದು ಲೆಕ್ಕ, ಕಡ್ಡೀದು ಇನ್ನೊಂದು. ಎರಡೂ ಒಂದೇ ಆಗ್ಬಿಟ್ರೆ ನೂಲು ನೂಲಿನ ಮೇಲೇ ಕೂತು ಅಂಟ್ಕೊಂಡ್ಬಿಡತ್ತೆ, ಸುತ್ತಿದ ಲಡಿಯೆಲ್ಲ ಹಾಳು. ಅದಕ್ಕೇ ಬೇಕಂತಲೇ ಲೆಕ್ಕ ತಪ್ಸಿರ್ತಾರೆ. ಎಂಟು ವರ್ಷದವನಿದ್ದಾಗಿಂದ ತಿರುಗಿಸ್ತಾ ಇದೀನಿ, ಎರಡು ಲೆಕ್ಕಾನೂ ಮೈಯಲ್ಲಿ ಕೂತ್ಬಿಟ್ಟಿದೆ."

ನನಗೆ ಅಲ್ಲೇ ಗೊತ್ತಾಯಿತು, ನಾನು ಸೋತೆ ಅಂತ. ಕ್ಯಾಸೆಟ್ಟು ಕದಿಯಬಹುದಿತ್ತು. ಹದಿನೈದು ವರ್ಷದ ರಾಟೆಯನ್ನು ಹೇಗೆ ಕದಿಯುವುದು? ಆದರೂ ಆರು ತಿಂಗಳು ಮನೆಯಲ್ಲಿ ರಾಗಿ ಡಬ್ಬದ ಮೇಲೆ ಹೆಣಗಾಡಿದೆ. ಕೈ ಮೂರಕ್ಕೆ ಹೋದ ತಕ್ಷಣ ನನ್ನ ಎಡಗಾಲು ಕೈಯ ಹಿಂದೆಯೇ ಹೊರಟುಬಿಡುತ್ತಿತ್ತು. ಅಮ್ಮ ಒಳಗಿನಿಂದ "ಏಮ್ರಾ ಇದಿ, ಡಬ್ಬ ಒಡೆದಾಕ್ತೀಯೇನೋ" ಅಂತ ತೆಲುಗು ಬೆರೆಸಿ ಕೂಗುತ್ತಿದ್ದಳು. ಅವನಿಗೆ ಕೆಲಸದ ಜೊತೆ ಬಂದದ್ದು ನನಗೆ ಅತ್ತರೂ ಬರುತ್ತಿರಲಿಲ್ಲ. ಅವನು ಕೆಟ್ಟವನಾಗಿದ್ದರೆ ಸುಲಭವಿತ್ತು. ಪ್ರತಿ ರಿಹರ್ಸಲ್ ಮುಗಿದ ಮೇಲೆ ಚೆನ್ನರಾಯಪ್ಪನವರ ಮುಖ ನೋಡುವ ಬದಲು ನನ್ನ ಮುಖ ನೋಡುತ್ತಿದ್ದ, ನಾನು ತಲೆ ಆಡಿಸಿದರೆ ಹಲ್ಲು ಬಿಡುತ್ತಿದ್ದ. ಅದು ಇನ್ನೂ ಉರಿಸುತ್ತಿತ್ತು.

ಎಂಬತ್ತೇಳರ ರಾಜ್ಯೋತ್ಸವಕ್ಕೆ ಗೌರಿಬಿದನೂರಿನಲ್ಲಿ ಕಾರ್ಯಕ್ರಮ. ಶಾಲೆಯ ಮೈದಾನದಲ್ಲಿ ಸಂಜೆ ನಾಲ್ಕಕ್ಕೆ, ಬಿಸಿಲಿನ್ನೂ ಇತ್ತು. ಮೈದಾನದ ತುಂಬ ಜನ. ನಾಲ್ಕನೇ ಹಾಡಿನ ನಡುವೆ ಕಲಂದರ್ ತನ್ನ ಆಟ ಶುರು ಮಾಡಿದ. ಚಪ್ಪಾಳೆ ಹೊಡೆಯುತ್ತಿದ್ದವರ ಕೈ ಗೊಂದಲಕ್ಕೆ ಬಿತ್ತು. ಮೂರು ಸುತ್ತು ಮುಗಿದ ಮೇಲೆ ಮುಂದಿನ ಚರಣ ಎತ್ತಬೇಕಾದವಳು ಆದಿಲಕ್ಷ್ಮಿ, ನಮ್ಮ ಹಾಡುಗಾರ್ತಿ. ರಿಹರ್ಸಲ್‌ನಲ್ಲಿ ನನ್ನ ಕೈತಾಳ ನೋಡಿಕೊಂಡು ಸರಿಯಾಗಿ ಎತ್ತುತ್ತಿದ್ದಳು. ಸ್ಟೇಜಿನಲ್ಲಿ ನನ್ನ ಕೈ 'ತುಂಬಾ' ವಾದ್ಯದ ಮೇಲಿತ್ತು. ಅವಳು ಸ್ನೇರ್‌ನ ಒಂದು ಏಟನ್ನೇ 'ಒಂದು' ಅಂದುಕೊಂಡು ಎರಡನೇ ಸುತ್ತಿನಲ್ಲೇ ಎತ್ತಿಬಿಟ್ಟಳು. ಅಕಾರ್ಡಿಯನ್ ಒಂದು ಕಡೆ, ಹಾಡು ಒಂದು ಕಡೆ. ಜನ "ಓಓ" ಅಂದರು. ಯಾರೋ ಶಿಳ್ಳೆ ಹಾಕಿದರು. ಚೆನ್ನರಾಯಪ್ಪ ಕೈ ಎತ್ತಿ ಹಾಡು ನಿಲ್ಲಿಸಿದರು.

ಪರದೆ ಹಿಂದೆ ಬಂದಾಗ ಅವರ ಮುಖ ಕೆಂಪಾಗಿತ್ತು. ಆದಿಲಕ್ಷ್ಮಿ ಅಳುತ್ತಿದ್ದಳು.

"ತಪ್ಪಿದ್ದು ಯಾರು?" ಅಂದರು.

ಎಲ್ಲರೂ ನನ್ನ ಕಡೆ ತಿರುಗಿದರು. ಅದು ನಮ್ಮ ಪದ್ಧತಿ. ಕಲಂದರನೂ ತಿರುಗಿದ, ಯೋಚನೆಯಿಲ್ಲದ ಮುಖದಲ್ಲಿ. ಅವನಿಗೆ ಗೊತ್ತಿತ್ತಲ್ಲ, ನಾನು ಕಾಲು ನೋಡಿರುತ್ತೇನೆ ಅಂತ.

ನೋಡಿದ್ದೆ. ಹಾಡು ನಿಲ್ಲುವ ಕ್ಷಣದವರೆಗೂ ಆ ಎಡಗಾಲು ಕೂದಲೆಳೆಯಷ್ಟೂ ಅತ್ತಿತ್ತ ಆಗಿರಲಿಲ್ಲ. ಇಡೀ ಮೈದಾನದಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ.

"ಕಲಂದರ್ದೇ ತಪ್ತು" ಅಂದೆ. ದನಿ ನಡುಗಲಿಲ್ಲ. ಅದೇ ಈಗಲೂ ಆಶ್ಚರ್ಯ.

"ತಪ್ತಾ?" ಅಂದ ಕಲಂದರ್. ಸಿಟ್ಟಿರಲಿಲ್ಲ. ನಿಜವಾಗಿ ಕೇಳುತ್ತಿದ್ದ.

"ಅರ್ಧ ಎಣಿಕೆ."

ವ್ಯಾನಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ತೊಡೆಯ ಮೇಲೆ ಬೆರಳು ಬಡಿಯುತ್ತ ಕೂತಿದ್ದ. ನಾನು ಕಿಟಕಿ ಕಡೆ ಮುಖ ಮಾಡಿಕೊಂಡಿದ್ದೆ. ಚಿಕ್ಕಬಳ್ಳಾಪುರದಲ್ಲಿ ಟೀ ಕುಡಿಯಲು ನಿಲ್ಲಿಸಿದಾಗಲೂ ಅವನು ಇಳಿಯಲಿಲ್ಲ. ಶಿಡ್ಲಘಟ್ಟದಲ್ಲಿ ಇಳಿದವನು ಕಿಟಕಿ ಹತ್ತಿರ ಬಂದು, "ಎರಡನೇ ಸುತ್ತಲ್ಲಿ ಅಲ್ವಾ?" ಅಂದ.

"ಹೂಂ. ಎರಡನೇ ಸುತ್ತಲ್ಲಿ" ಅಂದೆ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಚೆನ್ನರಾಯಪ್ಪ ಒಂದು ಕಾಗದ ಬರೆದರು, ಉತ್ತರ ಬರಲಿಲ್ಲ. ನಾನು ಸ್ಟೂಲಿನ ಮೇಲೆ ಕೂತೆ. ಒಂದು ಎರಡು ಮೂರು ನಾಲ್ಕು. ಜನ ಚಪ್ಪಾಳೆ ಹೊಡೆದರು, ಹಾಡುಗಾರರು ಸರಿಯಾಗಿ ಎತ್ತಿದರು, ಯಾರೂ ಅಳಲಿಲ್ಲ. ಆದರೆ ಪ್ರತಿ ಹಾಡಿನ ನಡುವೆ ಆ ಜಾಗ ಬಂದಾಗ ನನ್ನ ಕಿವಿ ಅವನ ಏಟನ್ನು ಕೇಳುತ್ತಿತ್ತು. ಇಲ್ಲದವನ ಮೇಲೂ ಹೊಟ್ಟೆಕಿಚ್ಚು ಪಡಬಹುದು ಅಂತ ಆಗ ಗೊತ್ತಾಯಿತು. ತೊಂಬತ್ಮೂರರಲ್ಲಿ ಗುಂಡಿ ಒತ್ತಿದರೆ ತಾನೇ ಬಾರಿಸುವ ಮೆಷಿನ್ನು ಬಂತು. ಅದು ಎಂದೂ ತಪ್ಪುತ್ತಿರಲಿಲ್ಲ, ಅದಕ್ಕೆ ಕೈತಾಳವೂ ಬೇಕಿರಲಿಲ್ಲ. ನನ್ನ ಸ್ಟೂಲು ಅಟ್ಟ ಸೇರಿತು.

ತೊಂಬತ್ತಾರರಲ್ಲಿ ನಾನು ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಗುಮಾಸ್ತನಾಗಿದ್ದೆ. ಹೋದ ಮೊದಲ ತಿಂಗಳೆಲ್ಲ ಅವನ ಕಣ್ಣಿಗೆ ಬೀಳದಂತೆ ಓಡಾಡಿದೆ. ಎಷ್ಟು ದಿನ ಅಂತ ತಪ್ಪಿಸಿಕೊಳ್ಳಲಿ, ಅವನು ಗೂಡು ಕೊಳ್ಳಲು ಬರುವವನು. ಒಂದು ಬೆಳಿಗ್ಗೆ ಹರಾಜಿನ ಗದ್ದಲದಲ್ಲಿ ಹಿಂದಿನಿಂದ ಯಾರೋ ಹೆಗಲು ಹಿಡಿದರು. ಅದೇ ಸುಕ್ಕು ಬೆರಳುಗಳು.

"ಚನ್ನಕೇಶವಾ! ಎಲ್ಲಪ್ಪಾ ಹಾಳಾಗೋಗಿದ್ದೆ?" ಅಂದ. ಬಿಡಲೇ ಇಲ್ಲ, ಮಧ್ಯಾಹ್ನ ಊಟಕ್ಕೆ ಮನೆಗೆ ಎಳೆದುಕೊಂಡು ಹೋದ.

ತಾಯಿ ತೀರಿಕೊಂಡಿದ್ದರು. ಬಾಣಲೆಯ ಮುಂದೆ ಅವನ ಹೆಂಡತಿ ಅಜೀಜಾ ಕೂತಿದ್ದಳು. ನನ್ನ ಹೆಸರು ಕೇಳಿದ್ದೇ, "ಇವ್ರೇನಾ ಅವ್ರು? ಇಡೀ ಜಿಲ್ಲೇಲಿ ಕಿವಿ ಇರೋನು ಒಬ್ನೇ ಅಂತಿದ್ರಲ್ಲ, ಅವ್ರು?" ಅಂದಳು. ನಾನು ನೆಲ ನೋಡಿದೆ.

"ಬಾರಿಸ್ತೀಯಾ ಈಗ?" ಅಂದೆ, ಕೇಳಬಾರದಿದ್ದರೂ.

"ಆವತ್ತೇ ಕೊನೆ ಕಣೋ." ಅವನು ರಾಟೆಯ ಹಿಡಿಗೆ ಕೈ ಹಾಕಿ ತಿರುಗಿಸತೊಡಗಿದ. "ಬೇರೆ ಯಾರಾದ್ರೂ ಅಂದಿದ್ರೆ ನಕ್ಬಿಟ್ಟಿರ್ತಿದ್ದೆ. ಅವ್ರಿಗೆಲ್ಲ ಎಲ್ಲಿ ಕೇಳಿಸ್ತಿತ್ತು? ನೀನು ಅಂದ್ಮೇಲೆ ಮುಗೀತು. ನನ್ ಕಾಲು ನನಗೇ ಮೋಸ ಮಾಡ್ತು, ನಂಗೇ ಗೊತ್ತಾಗಿಲ್ಲ ಅಂದ್ರೆ ಆಮೇಲೆ ಯಾವ ಧೈರ್ಯದ ಮೇಲೆ ಕೂರೋದು ಹೇಳು. ಎರಡನೇ ಸುತ್ತು, ಎರಡನೇ ಸುತ್ತು ಅಂತ ಒಂಬತ್ತು ವರ್ಷ ಹುಡುಕಿದೀನಿ. ಇಲ್ಲಿ ಕೂತು ತಿರುಗಿಸ್ತಾ ದಿನಾ ಹುಡುಕ್ತೀನಿ. ಸಿಗ್ತಾನೇ ಇಲ್ಲ. ಎಲ್ಲಿ ತಪ್ಪಿದೆ, ಸರಿಯಾಗಿ ಹೇಳ್ಬಿಡು ಇವತ್ತು."

ಒಂಬತ್ತು ವರ್ಷ.

"ತಪ್ಪಿರ್ಲಿಲ್ಲ" ಅಂದೆ. "ನೀನು ತಪ್ಪಿರ್ಲಿಲ್ಲ ಕಲಂದರ್. ಆದಿಲಕ್ಷ್ಮಿ ಬೇಗ ಎತ್ತಿದ್ಲು, ಅಷ್ಟೇ. ನಾನು ಸುಳ್ಳು ಹೇಳ್ದೆ. ಹೊಟ್ಟೆಕಿಚ್ಚಿಗೆ ಹೇಳ್ದೆ. ನಂಗೆ ಸ್ಟೂಲು ಬೇಕಾಗಿತ್ತು."

ರಾಟೆ ನಿಲ್ಲಲಿಲ್ಲ. ನಿಲ್ಲಿಸಿದರೆ ಎಳೆ ಹರಿಯುತ್ತದೆ. ಬಯ್ಯಲಿ, ಎದ್ದು ಬಂದು ಹೊಡೆಯಲಿ ಅಂತ ಕಾದೆ. ಅವನು ನಕ್ಕ.

"ನನ್ನ ಸಮಾಧಾನಕ್ಕೆ ಹೇಳ್ತೀಯ. ಬೇಡ ಕಣೋ. ನಿನ್ ಕಿವಿ ಅಂಥದ್ದಲ್ಲ ಅಂತ ನಂಗೊತ್ತಿಲ್ವಾ?"

"ದೇವರಾಣೆ ಕಲಂದರ್—"

"ಆಯ್ತು ಬಿಡು, ಬಿಡು." ಅಜೀಜಾಳನ್ನು ರಾಟೆಗೆ ಕೂರಿಸಿ, ಎರಡು ಬಿದಿರು ಕಡ್ಡಿ ತೆಗೆದುಕೊಂಡು ತಲೆಕೆಳಗಾದ ಒಂದು ಡಬ್ಬದ ಮುಂದೆ ಕುಕ್ಕರಿಸಿದ. "ಕೈತಾಳ ಹಾಕು ನೋಡಣ."

ಹಾಕಿದೆ. ಒಂದು ಎರಡು ಮೂರು ನಾಲ್ಕು. ಅವನ ಕೈ ಮೂರಕ್ಕೆ ಜಾರಿತು. ಒಂಬತ್ತು ವರ್ಷ ಮುಟ್ಟದವನ ಕೈ, ಆದರೂ ಹಿತ್ತಲೆಲ್ಲ ನಿಧಾನವಾದ ಹಾಗಾಯಿತು. ನನ್ನ ಹೊಟ್ಟೆಯೊಳಗಿನ ಹಳೆಯ ಉರಿಯೂ ಎದ್ದು ಕೂತಿತು, ಹೇಳಲು ನಾಚಿಕೆಯಿಲ್ಲ. ಬರಿಗಾಲಿನ ಹಿಮ್ಮಡಿ ನೆಲದ ಮೇಲೆ ಸದ್ದಿಲ್ಲದೆ ಎದ್ದು ಬೀಳುತ್ತಿತ್ತು. ಮೊದಲ ಸುತ್ತು, ಎರಡನೇ ಸುತ್ತು, ಮೂರನೇದು. ನನ್ನ ಚಪ್ಪಾಳೆ, ಅವನ ಕಡ್ಡಿ, ಹಿಮ್ಮಡಿ, ಮೂರೂ 'ಒಂದ'ರ ಮೇಲೆ ಒಟ್ಟಿಗೆ ಬಿದ್ದವು.

ಅವನು ಕಡ್ಡಿ ಹಿಡಿದುಕೊಂಡೇ ನನ್ನ ಮುಖ ನೋಡಿದ. ಹಿಂದೆಲ್ಲ ಹಲ್ಲು ಬಿಟ್ಟುಕೊಂಡು ನೋಡುತ್ತಿದ್ದವನು ಈಗ ಪರೀಕ್ಷೆ ಫಲಿತಾಂಶಕ್ಕೆ ಕಾಯುವವನ ಹಾಗೆ ನೋಡಿದ.

"ಸರಿ ಬಂತಾ?"

"ಸರಿ ಬಂತು" ಅಂದೆ.

"ಎರಡನೇ ಸುತ್ತು?"

"ಅದೂ ಸರಿ ಬಂತು."

ಅವನು ತಲೆ ಆಡಿಸಿದ. ಡಬ್ಬವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡ.

"ಇನ್ನೊಂದ್ಸಲ ಹಾಕು" ಅಂದ. "ಈ ಸಲ ನಿಜ ಹೇಳ್ಬೇಕು."